ಸೂಲಗಿತ್ತಿ ಆಯಿಯ ನೆನಪಿಗೆ ಮೂರು ಪ್ರತಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ. ಐದನೇ ಇಯತ್ತೆಯಲ್ಲಿದ್ದೆ. ಗುಣಾಕಾರ ತಪ್ಪಿತೆಂದು ಮಾಸ್ತರರು ಹೊರಗೆ ನಿಲ್ಲು ಅಂದರು. ಹೊರಗೆ ಬಂದರೆ ರಸ್ತೆಯಲ್ಲಿ ಬಸ್ಸು ನಿಂತಿತ್ತು. ಎಲ್ಲಿಯಾದರೇನು ನಿಲ್ಲುವುದು ಅಂತ ಅದರೊಳಗೆ ಹೋಗಿ ನಿಂತೆ. ಬಬಲೇಶ್ವರದಿಂದ ವಿಜಾಪುರ, ಅಲ್ಲಿಂದ ಸೊಲ್ಲಾಪುರ, ಆಮೇಲೆ ಮೀರಜ, ಗದಗ, ಹುಬ್ಬಳ್ಳಿ. ಎಲ್ಲಿಯೂ ಎರಡು ಮಳೆಗಾಲ ಪೂರ್ತಿ ಕಳೆದವನಲ್ಲ. ಸಾಲಿ ನನಗೆ ಕೊಟ್ಟದ್ದು ದುಂಡನೆಯ ಅಕ್ಷರ, ಅಷ್ಟೇ. ಹೋದಲ್ಲೆಲ್ಲ ಅದೇ ನನಗೆ ಅನ್ನ ಹಾಕಿತು.

ಎಪ್ಪತ್ತರ ದಶಕದ ನಡುವೆ ತಿರುಗಿ ಬಂದು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ, ಒಂದು ಚಹಾದಂಗಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಹಾಕಿ ಕೂತೆ. ಅರ್ಜಿ ಬರೆಯುವುದು, ಜನರ ಕಾಗದಪತ್ರಗಳ ನಕಲು ಮಾಡುವುದು ನನ್ನ ಕೆಲಸ. ನಕಲು ಮಾಡಿಸಲು ಬರುವವರು ಹೆದರಿ ಬಂದವರೇ. ಇದ್ದೊಂದು ಕಾಗದ ಹೋದರೆ ಹೇಗೆ ಅನ್ನುವ ಹೆದರಿಕೆ. ಹೆದರಿದ ಮನುಷ್ಯ ಬಾಯಿಗೆ ಬಂದದ್ದು ಮಾತಾಡುತ್ತಾನೆ, ಹಾಗಾಗಿ ನನ್ನ ಪೆಟ್ಟಿಗೆಯ ಮುಂದೆ ನಗುವಂಥದ್ದು ದಿನಾ ಒಂದಿಲ್ಲೊಂದು ನಡೆದೇ ನಡೆಯುತ್ತಿತ್ತು. ಕೆಲವನ್ನು ಇಲ್ಲಿ ಬರೆದಿದ್ದೇನೆ. ಇವೆಲ್ಲ ಒಬ್ಬ ಮುದುಕಿಯ ಸುತ್ತ ನಡೆದವು. ಆಗ ನಕ್ಕೆವು. ಈಗ ನೆನೆದರೆ ನಗುವಿಗಿಂತ ಮೊದಲು ಆ ಮುದುಕಿಯ ದನಿ ಕೇಳುತ್ತದೆ.

ಎಲಿ ಅಡಿಕಿ ಜಗಿಯುವ ಅಸಲು

ಒಂದು ಮುಂಜಾನೆ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ಪೆಟ್ಟಿಗೆಯ ಮುಂದೆ ಕೂತಳು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

"ತಮ್ಮಾ, ನಕಲು ಮಾಡಿ ಕೊಡ್ತಿಯಂತಲ್ಲ?"

"ಹೌದ್ರಿ ಯಕ್ಕಾ. ಅಸಲು ಎಲ್ಲೈತಿ?"

"ಟಿಕೋಟ್ಯಾಗ ಐತಿ. ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಜಗಿಯಾಕತ್ತೈತಿ."

ಅಸಲು ಅಂದರೆ ಅವಳ ತಾಯಿ. ಟಿಕೋಟಾದಲ್ಲಿ ಎಲ್ಲರೂ ಆಯಿ ಅಂತ ಕರೆಯುವ ಸೂಲಗಿತ್ತಿ. ನಲವತ್ತು ವರ್ಷದಿಂದ ಸುತ್ತಿನ ಹಳ್ಳಿಗಳ ಹೆರಿಗೆ ಮಾಡಿಸಿದವಳು. ಕೂಸು ಹುಟ್ಟಿದ್ದನ್ನು ಹೋಗಿ ಬರೆಸುವ ರೂಢಿ ಆಗ ಮಂದಿಗೆ ಇರಲಿಲ್ಲ. ಸಾಲಿಗೆ ಹಚ್ಚಲಿಕ್ಕೆ, ಲಗ್ನ ಕೂಡಿಸಲಿಕ್ಕೆ ವಯಸ್ಸು ಬೇಕಾದರೆ ಆಯಿಯ ಕಟ್ಟೆಗೇ ಬರುತ್ತಿದ್ದರು. ಆಯಿಗೆ ಅಕ್ಷರ ಬಾರದು. ಎಲ್ಲ ತಲೆಯಲ್ಲಿ. ಈಗ ಆ ತಲೆ ಒಂದೊಂದೇ ಮರೆಯತೊಡಗಿತ್ತು.

ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. "ಮೊನ್ನೆ ಹೋದ್ರ ನನ್ನ ಮಾರಿ ನೋಡಿ, ನೀ ಯಾರ ಬೇ ಅಂದ್ಲು," ಅಂದಳು. "ನಿನ್ನ ಮಗಳು ಯವ್ವಾ ಅಂದೆ. ನನ್ನ ಹೆಸರು ಆಕಿ ಬಾಯಿಗೆ ಬರಲಿಲ್ಲ ನೋಡ್ರಿ."

"ಅತ್ತಿರೇನು?" ಅಂದೆ.

"ಅಳಾಕ ಬಿಟ್ಟಳೆಲ್ಲಿ? ಮಗಳು ಅಂದಕೂಡ್ಲೆ, ನೀನಾ, ಸೋಮಾರ ಮುಂಜಾನೆ ಕಾಲು ಮುಂದ ಮಾಡಿ ಬಂದಿ, ನನ್ನ ಹೆರಿಗಿ ನಾನ ಮಾಡ್ಕೋಬೇಕಾತು, ಅಂತ ಬೈಯಾಕ ಸುರು ಮಾಡಿದ್ಲು. ಹೆಸರು ಮರತಾಳ ಖರೆ, ನಾ ಕೊಟ್ಟ ತ್ರಾಸ ಒಂದೂ ಮರತಿಲ್ಲ."

ಯಾವ ನಕಲು ಚಲೋ

ಮರುವಾರ ಟಿಕೋಟಾಕ್ಕೆ ಹೋದೆ. ಹೇಗೆ ಬರೆಯುವುದು, ಎಷ್ಟು ಪ್ರತಿ ಮಾಡುವುದು, ಎಲ್ಲೆಲ್ಲಿ ಇಡುವುದು ಅಂತ ಕಟ್ಟೆಯ ಮೇಲೇ ವಿಚಾರ ನಡೆಯಿತು. ಆಯಿಗೆ ಮೂರು ಉಪಾಯ ಹೇಳಿದೆ.

"ಒಂದು ಪ್ರತಿ ಬರದು, ಅದರ ಒಂದೊಂದು ಹಾಳಿ ಫೋಟೋ ತೆಗಸಬಹುದು ಆಯಿ."

"ಫೋಟೋದಾಗ ಅಕ್ಷರ ಅಲುಗಾಡಿದ್ರ?"

"ಸೈಕ್ಲೋಸ್ಟೈಲ್ ಅಂತ ಒಂದು ಮಶೀನ ಐತಿ. ಒಮ್ಮಿ ಕೊರದ್ರ ನೂರು ಪ್ರತಿ ಬರ್ತಾವ."

"ನೂರು ಮಂದಿ ಕೈಯಾಗ ಕೊಟ್ರ ಈ ಊರ ಹೆಣ್ಣಮಕ್ಕಳ ವಯಸ್ಸೆಲ್ಲಾ ಬಯಲಾಗ್ತಾವ. ನನ್ನ ಮನಿಗೆ ಕಲ್ಲು ಬೀಳ್ತಾವ. ಮೂರನೇದು ಹೇಳು."

ಮೂರನೆಯದು ನನ್ನದೇ. ನೆನೆದರೆ ನೇರಳೆ ಬಣ್ಣ ಬಿಡುವ ಕಾಪಿಂಗ್ ಪೆನ್ಸಿಲ್ಲಿನಿಂದ ಒತ್ತಿ ಬರೆಯುವುದು, ನಡುವೆ ಎರಡು ಕಾರ್ಬನ್ ಇಟ್ಟು ಒಮ್ಮೆಗೆ ಮೂರು ಪ್ರತಿ ತೆಗೆಯುವುದು. ಅದೇ ಪಸಂತ ಬಿತ್ತು. ಅಸಲು ಆಯಿಯ ಹತ್ತಿರ ಟಿಕೋಟಾದಲ್ಲಿ, ಒಂದು ನಕಲು ಮಗಳ ಹತ್ತಿರ ಬಬಲೇಶ್ವರದಲ್ಲಿ, ಇನ್ನೊಂದು ಸ್ಟೇಷನ್ ರಸ್ತೆಯಲ್ಲಿ ನನ್ನ ಹತ್ತಿರ. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ ಅಂದೆ.

ಮಗಳು, "ಮೂರೂ ಕಡೆ ಒಮ್ಮೆಲೆ ಬೆಂಕಿ ಬಿದ್ರ?" ಅಂದಳು.

"ಆವಾಗ ವಯಸ್ಸು ಕೇಳಾಕ ಯಾರ ಬರ್ತಾರ ಬೇ," ಅಂದಳು ಆಯಿ.

ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದಳು. "ಯಪ್ಪಾ, ಬದುಕಿದವ್ರದು ಮೊದಲ ಬರಕೋ, ದಿನಾ ಕೇಳಾಕ ಬರೋರು ಅವರ. ಆದ್ರ ತಮ್ಮ ನೆನಪು ತಾವ ಇಟ್ಕೋತಾರ, ನಾ ಇಲ್ಲಂದ್ರೂ ನಡೀತೈತಿ. ಉಳೀಲಾರದ ಕೂಸುಗೋಳು ಇದ್ದಾವಲ್ಲ, ಒಂದು ತಾಸು ಇದ್ದು ಹೋದವು, ಒಂದು ದಿನ ಇದ್ದು ಹೋದವು, ಅವಕ್ಕ ಹೆಸರಿಲ್ಲ. ಅವು ಬಂದು ಹೋದದ್ದು ನನ್ನ ತಲ್ಯಾಗ ಅಷ್ಟ ಐತಿ. ಅವನ್ನ ಬರಸಾಕಂತ ನಾ ಇದಕ್ಕ ಒಪ್ಪೇನಿ. ನಾ ಪೂರಾ ಮರಿಯೂದ್ರಾಗ ಮುಗಸು."

ಮುಗಿಸುತ್ತೇನೆ ಅಂದೆ. ಇಂಥ ಮಾತು ಕೊಡುವಾಗ ನನ್ನ ದನಿ ಭಾಳ ಗಟ್ಟಿ ಇರುತ್ತದೆ.

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಊರೂರು ತಿರಗ್ತಿಯಂತ. ನೀ ನನ್ನ ಕೈಯಾಗ ಹುಟ್ಟಿಲ್ಲ ಬಿಡು. ಹುಟ್ಟಿದ್ರ ಹಿಂಗ ಓಡತಿರಲಿಲ್ಲ, ನಾ ಗಟ್ಟಿ ಹಿಡೀತೇನಿ."

ಮಾಳಿಗಿ ಸೋರಿದ ಮರುದಿನ

ವಾರಕ್ಕೆ ಎರಡು ದಿನ ಹೋಗಿ ಬರೆಯತೊಡಗಿದೆ. ಆಯಿಯ ಲೆಕ್ಕದಲ್ಲಿ ತಾರೀಖು ಇರಲಿಲ್ಲ. ಊರಲ್ಲಿ ನಡೆದದ್ದೇ ಅವಳ ಪಂಚಾಂಗ. ಒಬ್ಬ ಹುಟ್ಟಿದ್ದು ಎಮ್ಮೆ ಬಾವಿಗೆ ಬಿದ್ದ ದಿನ. ಇನ್ನೊಬ್ಬಳು ಹುಟ್ಟಿದ್ದು ಮಮದಾಪುರದ ಕೆರೆ ಕೋಡಿ ಹರಿದ ವರ್ಷ, ಜೋಳ ಹಾಲುಗಾಳಾದಾಗ. ನಾನು ಇದನ್ನೆಲ್ಲ ಹಿಡಿದುಕೊಂಡು ಊರ ಹಿರಿಯರ ಹತ್ತಿರ ಹೋಗಿ, ಎಮ್ಮೆ ಯಾವ ವರ್ಷ ಬಿತ್ತು ಅಂತ ಕೇಳುತ್ತಿದ್ದೆ. ಅವರು ಎಮ್ಮೆಯ ಬಗ್ಗೆ ಜಗಳಕ್ಕೆ ನಿಲ್ಲುತ್ತಿದ್ದರು. ಎಮ್ಮೆ ಬಿದ್ದಿಲ್ಲ, ದೂಡಿದರು ಅಂತ ಒಬ್ಬ.

ಕೆಲವು ಮಾತ್ರ ಯಾವ ಹಿರಿಯನಿಗೂ ಬಗೆಹರಿಯಲಿಲ್ಲ.

"ಪೂಜಾರಿ ಮನಿ ದೊಡ್ಡ ಮಗ ಯಾವಾಗ ಹುಟ್ಟಿದ ಆಯಿ?"

"ಅವರ ಮನಿ ಮಾಳಿಗಿ ಸೋರಿತ್ತಲ್ಲ, ಅದರ ಮರುದಿನ."

"ಮಾಳಿಗಿ ಯಾವಾಗ ಸೋರಿತ್ತು?"

ಆಯಿ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಳು. ಬೆರಳು ಮಡಚಿ ಎಣಿಸಿದಳು. ಆಮೇಲೆ ಖಾತ್ರಿಯಿಂದ ಹೇಳಿದಳು.

"ಇಂವ ಹುಟ್ಟೂ ಹಿಂದಿನ ದಿನ."

ಮತ್ತೊಮ್ಮೆ ಬ್ಯಾನಿ

ಬರೆಯುವ ಸುದ್ದಿ ಊರೆಲ್ಲ ಹಬ್ಬಿತು. ಒಂದು ದಿನ ಮೀಸೆ ತೀಡಿಕೊಂಡು ಒಬ್ಬ ಆಳು ಬಂದ. ನೌಕರಿಗೆ ಅರ್ಜಿ ಹಾಕುವವನಿದ್ದ, ವಯಸ್ಸು ಎರಡು ವರ್ಷ ಹೆಚ್ಚಾಗಿತ್ತು.

"ಆಯಿ, ನಂದು ಎರಡು ವರ್ಷ ಇಳಿಸಿ ಬರಸು. ನಿನಗೇನ ಕಡಿಮಿ ಆಗ್ತೈತಿ?"

ಆ ಮುಂಜಾನೆ ಆಯಿ ನನ್ನನ್ನೇ ಗುರುತಿಸಿರಲಿಲ್ಲ. ಹಾಲಿನವನು ಅಂತ ತಿಳಿದು ನನ್ನ ಕೈಗೆ ಚರಿಗೆ ಕೊಟ್ಟಿದ್ದಳು. ಈ ಮನುಷ್ಯನ ದನಿ ಕೇಳಿದ ಕೂಡಲೇ ಮಾತ್ರ ನೆಟ್ಟಗೆ ಕೂತಳು.

"ಎರಡು ವರ್ಷ ಇಳಿಸಿದ್ರ ನೀನೂ ನಿನ್ನ ತಮ್ಮನೂ ಒಂದ ದಿನ ಹುಟ್ಟಿದಂಗಾತು. ಅವಳಿ ಅಂತ ಬರಸಲೇನು?"

"ಬರಸು ಆಯಿ, ಅದಕ್ಕೇನಾತು."

"ನಂದೇನೂ ಹೋಗೂದಿಲ್ಲ. ಆದ್ರ ಅವತ್ತು ಒಂದ ಹೆರಿಗಿ ಮಾಡಿಸೇನಿ. ಹೋಗಿ ನಿಮ್ಮವ್ವನ್ನ ಕರಕೊಂಡ ಬಾ. ಇನ್ನೊಂದು ಹೆರಿಗಿ ಬ್ಯಾನಿ ತಿನ್ನಾಕ ಒಪ್ಪಿದ್ರ ನಿನ್ನ ಬರಸ್ತೇನಿ."

ಸೀನಿದ ಕೂಸು

ಬದುಕಿದವರ ಪಟ್ಟಿ ಮುಗಿಯುವಾಗ ಸೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಅಷ್ಟರಲ್ಲಿ ಆಯಿ ಇನ್ನಷ್ಟು ಇಳಿದಿದ್ದಳು. ಉಂಡದ್ದು ಮರೆತು ಮತ್ತೆ ತಾಟಿನ ಮುಂದೆ ಕೂರುವಳು. ಒಂದು ಮಧ್ಯಾಹ್ನ ತಾನಾಗಿಯೇ, "ಇವತ್ತು ಅವನ್ನ ಬರಿ," ಅಂದಳು. ಮಗಳನ್ನು ಹೊರಗೆ ಕಳಿಸಿದಳು.

ಒಂದೊಂದಾಗಿ ಹೇಳಿದಳು. ಯಾರ ಮನೆ, ಗಂಡೋ ಹೆಣ್ಣೋ, ಎಷ್ಟು ಹೊತ್ತು ಇತ್ತು. ಹೆಸರು ಎಂಬ ಕಡೆ ಏನು ಬರೆಯಲಿ ಅಂತ ಕೇಳಿದೆ. ಆಯಿ ಪ್ರತಿಯೊಂದಕ್ಕೂ ಅದು ಮಾಡಿದ್ದನ್ನೇ ಹೆಸರು ಮಾಡಿ ಕೊಟ್ಟಳು. ಮುಷ್ಟಿ ಬಿಚ್ಚದ್ದು. ಬಲಗಣ್ಣು ಒಂದೇ ತೆರೆದದ್ದು. ಬೆರಳು ಹಿಡಿದದ್ದು. ಮಳೆ ಸಪ್ಪಳ ಕೇಳಿ ಅಳು ನಿಲ್ಲಿಸಿದ್ದು.

"ಇದು ಹುಟ್ಟಿ ಒಮ್ಮೆ ಸೀನಿತು. ನಾವೆಲ್ಲಾ ನಕ್ಕಿವಿ, ಅವರವ್ವನೂ ನಕ್ಕಳು. ಆಮ್ಯಾಲ ಉಸರ ಹಿಡೀಲಿಲ್ಲ. ಸೀನಿದ್ದು ಅಂತ ಬರಿ."

ನನ್ನ ಪೆನ್ಸಿಲ್ ಮುಂದೆ ಹೋಗಲಿಲ್ಲ. ಏನಾದರೂ ಕೇಳಬೇಕೆಂದು, ಬದುಕಿದವರ ಪಟ್ಟಿಯಲ್ಲಿ ಬರೆದ ಹಾಗೆ, "ಯಾವ ಮಂದಿ ಆಯಿ, ಜಾತಿ ಏನು?" ಅಂದೆ.

"ಸೀನಾಕೂ ಜಾತಿ ಬೇಕೇನ ಲೇ," ಅಂದಳು. ಅಳುತ್ತಿದ್ದ ನಾನು ನಕ್ಕುಬಿಟ್ಟೆ.

ಆ ಹಾಳೆಗಳನ್ನು ನಾನು ಕೂತು ನೋಡಲಿಲ್ಲ. ಬಸ್ಸಿನ ಹಾರ್ನ್ ಕೇಳಿತ್ತು, ಮನಸ್ಸು ಅಲ್ಲಿಂದ ಏಳಬೇಕು ಅನ್ನುತ್ತಿತ್ತು. ಮೂರು ಕಟ್ಟು ಮಾಡಿ ದಾರ ಸುತ್ತಿ, ಒಂದು ಆಯಿಗೆ, ಒಂದು ಮಗಳಿಗೆ ಕೊಟ್ಟು, ನನ್ನದನ್ನು ಬಗಲಲ್ಲಿ ಇಟ್ಟುಕೊಂಡು ಓಡಿದೆ.

ಚಲೋ ಉರಿದ ಕಾಗದ

ಮೊದಲು ಹೋದದ್ದು ಬಬಲೇಶ್ವರದ ಪ್ರತಿ. ಎರಡು ನಕಲುಗಳ ಮೇಲೆ ನಾನು ದೊಡ್ಡದಾಗಿ "ನಕಲು" ಅಂತ ಬರೆದಿದ್ದೆ, ಗೊತ್ತಾಗಲಿ ಅಂತ. ಮಗಳ ಅತ್ತೆ ಕಟ್ಟು ನೋಡಿ, ಸಂತೆಗೆ ಬಂದ ಯಾರನ್ನೋ ಕರೆದು ಏನು ಬರೆದೈತಿ ಓದು ಅಂದಳಂತೆ. ಅವನು "ನಕಲು" ಅಂತ ಓದಿದ. ನಕಲು ಅಂದರೆ ನಕಲಿ, ಖೊಟ್ಟಿ ಕಾಗದ. ಖೊಟ್ಟಿ ಕಾಗದ ಮನೆಯಲ್ಲಿ ಇಟ್ಟರೆ ಪೋಲೀಸರು ಬರುತ್ತಾರೆ ಅಂತ ಹೆದರಿ, ಮುದುಕಿ ಅದನ್ನು ಬಚ್ಚಲ ಒಲೆಗೆ ಹಾಕಿದಳು.

ಮಗಳು ಅತ್ತದ್ದು ಕೇಳಿ ನಾನು ಹೋದೆ. ಅತ್ತೆ ಗಂಭೀರವಾಗಿ ಮಣೆ ಹಾಕಿದಳು.

"ಅದು ಖೊಟ್ಟಿ ಅಲ್ರೀ ಯಮ್ಮಾ. ಖರೇ ಕಾಗದದ್ದ ನಕಲು."

"ಖರೇ ಇದ್ರ ನಕಲು ಅಂತ ಯಾಕ ಬರದಿ?"

ನಾನು ಎದ್ದು ಹೋಗಿ ಬಚ್ಚಲ ಒಲೆಯ ಬೂದಿ ಕೆದರಿ ನೋಡಿದೆ. ಅದನ್ನು ನೋಡಿ ಮುದುಕಿಗೆ ಕನಿಕರ ಬಂತು.

"ಬ್ಯಾಸರ ಮಾಡ್ಕೋಬ್ಯಾಡ ಯಪ್ಪಾ. ಖೊಟ್ಟಿ ಇದ್ರೂ ಏನ ಚಲೋ ಉರೀತು ಅಂತಿ. ಥೇಟ್ ಅಸಲಿ ಕಾಗದ ಉರಿದಂಗ."

ಚೆಲ್ಲಬಾರದ ನೀರು

ಒಂದು ಪ್ರತಿ ಸುಟ್ಟ ಸುದ್ದಿ ಕೇಳಿ ಆಯಿ ತನ್ನ ಅಸಲನ್ನು ಬಚ್ಚಿಟ್ಟಳು. ನಾನೂ ಮಗಳೂ ಟಿಕೋಟಾಕ್ಕೆ ಹೋಗಿ, ಅದರ ಇನ್ನೊಂದು ನಕಲು ಮಾಡೋಣ, ಎಲ್ಲೈತಿ ಅಂತ ಕೇಳಿದೆವು.

"ಯಾರ ಕೈಗೂ ಸಿಗಬಾರದ ಜಾಗಾದಾಗ ಇಟ್ಟೇನಿ."

"ಎಲ್ಲಿ ಯವ್ವಾ?"

"ನನ್ನ ಕೈಗೂ ಸಿಗವಲ್ದು ನೋಡು."

ಎರಡು ದಿನ ಹುಡುಕಿದೆವು. ಜೋಳದ ಚೀಲ, ಕೌದಿಯ ಮಡಿಕೆ, ಜಂತಿಯ ಸಂದು. ಮೂರನೆಯ ದಿನ ಸಿಕ್ಕಿತು. ಮೂಲೆಯಲ್ಲಿದ್ದ ಖಾಲಿ ನೀರಿನ ಹರವಿಯ ಒಳಗೆ ಇಟ್ಟಿದ್ದಳು. ಆಯಿಗೆ ಮೈ ಹುಷಾರಿಲ್ಲದಾಗ ಪಕ್ಕದ ಮನೆಯವಳು ಪುಣ್ಯ ಬರಲಿ ಅಂತ ಮನೆಯ ಹರವಿಗಳನ್ನೆಲ್ಲ ತುಂಬಿಸಿ ಹೋಗಿದ್ದಳು.

ನೀರು ಬದನೆಕಾಯಿಯ ಬಣ್ಣ ಆಗಿತ್ತು. ಹಾಳೆಗಳನ್ನು ತೆಗೆದು ಹಗ್ಗದ ಮೇಲೆ ಹರವಿದೆವು. ಬರೆದ ಮಗ್ಗುಲಲ್ಲಿ ಒಂದು ಅಕ್ಷರವೂ ಇರಲಿಲ್ಲ. ಬರೀ ನೇರಳೆ. ಪಕ್ಕದ ಮನೆಯವಳು ಹಣೆ ಹಣೆ ಬಡಿದುಕೊಂಡು, ನೀರನ್ನಾದರೂ ಹೊರಗೆ ಚೆಲ್ಲುತ್ತೇನೆ ಅಂತ ಹರವಿ ಎತ್ತಿದಳು.

ಆಯಿ ಅವಳ ಸೆರಗು ಹಿಡಿದಳು. "ಚೆಲ್ಲಬ್ಯಾಡ ಬೇ. ಅರ್ಧ ಊರು ಕರಗಿದ ನೀರದು. ನಿನ್ನ ಗಂಡನೂ ಅದರಾಗ ಅದಾನ."

ಕನ್ನಡಿಯೊಳಗಿನ ಮುದುಕಿ

ನನ್ನ ಪ್ರತಿ ಇದೆಯಲ್ಲ ಅಂತ ಧೈರ್ಯ ಹೇಳಿ ವಿಜಾಪುರಕ್ಕೆ ಓಡಿದೆ. ಪೆಟ್ಟಿಗೆ ತೆಗೆದು ಕಟ್ಟು ಬಿಚ್ಚಿದೆ. ಬದುಕಿದವರೆಲ್ಲ ಇದ್ದರು, ಮಸುಕಾಗಿ, ಆದರೂ ಓದುವ ಹಾಗೆ. ಕಡೆಯ ಹಾಳೆಗಳು ಖಾಲಿ. ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗೆ. ಆ ಮಧ್ಯಾಹ್ನ ನನ್ನ ಕಣ್ಣು ಮಂಜಾಗಿತ್ತು, ಕಾರ್ಬನ್ ಎರಡನ್ನೂ ಉಲ್ಟಾ ಹಾಕಿದ್ದೆ.

ಚಹಾದಂಗಡಿಯ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಊರು ಬಿಡಬೇಕು, ಈಗಲೇ ಬಿಡಬೇಕು ಅನ್ನಿಸಿತು. ಸೊಲ್ಲಾಪುರದ ಬಸ್ಸು ಎದುರಿಗೇ ಇತ್ತು. ಆಗ ತಲೆಯಲ್ಲಿ ಬೇರೆ ಲೆಕ್ಕ ಓಡಿತು. ಕಾರ್ಬನ್ ಉಲ್ಟಾ ಇದ್ದರೆ ಅದು ಒತ್ತಿದ್ದು ಎಲ್ಲಿಗೆ? ಮೇಲಿನ ಹಾಳೆಯ ಬೆನ್ನಿಗೆ, ಅಂದರೆ ಆಯಿಯ ಅಸಲಿಗೆ. ಪೆನ್ಸಿಲ್ ನೀರಲ್ಲಿ ಕರಗುತ್ತದೆ. ಕಾರ್ಬನ್ ಮೇಣ, ಕರಗುವುದಿಲ್ಲ. ನನ್ನ ಜೀವನದಲ್ಲಿ ಒಮ್ಮೆ ಮಾತ್ರ ನಾನು ಹೋಗುವ ಬಸ್ಸು ಬಿಟ್ಟು ತಿರುಗಿ ಬರುವ ಬಸ್ಸು ಹತ್ತಿದೆ.

ಟಿಕೋಟಾದಲ್ಲಿ ಹಗ್ಗದ ಮೇಲಿನ ಹಾಳೆಗಳನ್ನು ತಿರುವಿ ನೋಡಿದೆ. ಕಡೆಯ ಹಾಳೆಗಳ ಬೆನ್ನಿನ ಮೇಲೆ ಕಪ್ಪು ಅಕ್ಷರಗಳಿದ್ದವು. ಎಲ್ಲ ತಿರುವುಮುರುವು, ಬಲದಿಂದ ಎಡಕ್ಕೆ. ಓದಲು ಕನ್ನಡಿ ಬೇಕು. ಮಗಳು ಓಡಿ ಹೋಗಿ ಓಣಿಯ ಕ್ಷೌರದವನಿಂದ ದೊಡ್ಡ ಕನ್ನಡಿ ಇಸಿದುಕೊಂಡು ಬಂದಳು. ಅವಳ ಹಿಂದೆಯೇ ಅರ್ಧ ಮುಖ ನೊರೆ ಹಚ್ಚಿಕೊಂಡ ಗಿರಾಕಿಯೊಬ್ಬ ಬಂದು ನಿಂತ. ಕನ್ನಡಿ ತಿರುಗಿ ಹೋಗುವತನಕ ಅವನಿಗೂ ಬೇರೆ ಕೆಲಸ ಇರಲಿಲ್ಲ.

ಕನ್ನಡಿಯನ್ನು ಆಯಿಯ ತೊಡೆಯ ಮೇಲೆ ನಿಲ್ಲಿಸಿ, ಹಾಳೆ ಅದರೆದುರು ಹಿಡಿದು ನಾನು ಓದಿದೆ. ಮುಷ್ಟಿ ಬಿಚ್ಚದ್ದು. ಬೆರಳು ಹಿಡಿದದ್ದು. ಸೀನಿದ್ದು. ಆಯಿ ಒಂದೊಂದಕ್ಕೂ ಹೂಂ ಅಂದಳು. ಅವಳಿಗೆ ಅವು ನೆನಪಾದವೋ, ಮೊದಲ ಸಲ ಕೇಳುತ್ತಿದ್ದಳೋ, ಹೇಳಲಾರೆ. ನೊರೆಯ ಮನುಷ್ಯ ಹೊಸ್ತಿಲ ಮೇಲೆ ಕೂತು ಒಂದು ಹೆಸರಿಗೆ ತಲೆ ತಗ್ಗಿಸಿದ. ಅದು ಅವನ ಮನೆಯದಾಗಿತ್ತು.

ಎಲ್ಲ ಮುಗಿದ ಮೇಲೆ ಹಾಳೆ ಇಳಿಸಿದೆ. ಆಯಿ ಕನ್ನಡಿಯನ್ನು ಹಿಡಿದೇ ಇದ್ದಳು. ಈಗ ಅದರಲ್ಲಿ ಅವಳ ಮುಖ ಇತ್ತು. ಬಹಳ ಹೊತ್ತು ನೋಡಿದಳು.

"ಈ ಮುದುಕಿ ಯಾರ?"

ಮಗಳು ಬಾಯಿಗೆ ಸೆರಗು ಹಿಡಿದಳು.

"ಈಕಿದು ಬರಕೊಂಡಿಯೇನ ಯಪ್ಪಾ? ಯಾವಾಗ ಹುಟ್ಯಾಳಂತ?"

"ಇಲ್ಲ ಆಯಿ. ಈಕಿದು ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಈ ಊರಾಗ ನನಗ ಗೊತ್ತಿಲ್ಲದ ಯಾರ ಹುಟ್ಯಾರ?" ಸಿಟ್ಟಿಗೆದ್ದಳು. "ಬರಕೋ. ಈಕಿನ್ನ ಹಿಡದಾಕಿ ನಾನ. ಹುಟ್ಟುತ್ಲೆ ಅತ್ಲು. ಗಟ್ಟಿ ಅದಾಳ, ಉಳೀತಾಳ ಅಂತ ಅವರವ್ವಗ ಹೇಳು."

ಬರೆದುಕೊಂಡೆ. ಉಳಿಯುವವರ ಪಟ್ಟಿಯಲ್ಲಿ ಬರೆದೆ. ತಾರೀಖು ಕೇಳಿದ್ದಕ್ಕೆ, ಇಂಥ ದಡ್ಡನನ್ನು ನೋಡಿಲ್ಲ ಅನ್ನುವ ಹಾಗೆ ನನ್ನ ಮುಖ ನೋಡಿ, "ಇವತ್ತ," ಅಂದಳು. ಹೊಸ್ತಿಲ ಮೇಲಿನ ನೊರೆಯ ಮನುಷ್ಯನೇ ಮೊದಲು ನಕ್ಕ. ಆಮೇಲೆ ಮಗಳು, ಆಮೇಲೆ ನಾನು. ಎಲ್ಲರೂ ನಗುವುದು ನೋಡಿ ಕೂಸು ಹುಟ್ಟಿದ ಮನೆ ಅಂತ ತಿಳಿದಳೋ ಏನೋ, ಆಯಿಯೂ ನಗುತ್ತ ಒಳಗೆ ನೋಡಿ, ಬಿಸಿನೀರು ಇಡ್ರಿ ಅಂದಳು.

ಆಯಿ ಹೋದದ್ದು ಆ ಚಳಿಗಾಲದಲ್ಲಿ. ಅಷ್ಟರಲ್ಲಿ ಎರಡೂ ಪಟ್ಟಿಗಳನ್ನು ಹೊಸದಾಗಿ ಮೂರು ಪ್ರತಿ ಬರೆದಿದ್ದೆ, ಶಾಯಿಯಲ್ಲಿ ಅಲ್ಲ, ಪೆನ್ಸಿಲ್ಲಿನಲ್ಲೂ ಅಲ್ಲ, ನೀರಿಗೆ ಹೆದರದ ಡಾಟ್ ಪೆನ್ನಿನಲ್ಲಿ. ಒಂದು ಮಗಳಿಗೆ, ಒಂದು ಟಿಕೋಟಾದಲ್ಲಿ ಆಯಿಯ ಪಕ್ಕದ ಮನೆಯವಳಿಗೆ. ಯಾವುದರ ಮೇಲೂ ನಕಲು ಅಂತ ಬರೆಯಲಿಲ್ಲ. ಮೂರನೆಯದನ್ನು ನೊರೆಯ ಮನುಷ್ಯ ತಾನಾಗಿಯೇ ಕೇಳಿ ತೆಗೆದುಕೊಂಡು ಹೋದ.

ಮೂರು ಜಾಗ ತುಂಬಿದ ಮೇಲೆ ಸ್ಟೇಷನ್ ರಸ್ತೆಯಲ್ಲಿ ನನಗೆ ಕೂರಲಾಗಲಿಲ್ಲ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾಗ ಮಗಳು ಬಂದಳು.

"ಎಲ್ಲಿಗೆ ತಮ್ಮಾ?"

"ಇನ್ನೂ ಗೊತ್ತಿಲ್ರಿ ಯಕ್ಕಾ. ಯಾವ ಬಸ್ ಬರ್ತೈತಿ ನೋಡಬೇಕು."

"ಹೋಗೂದು ಹೋಗ್ತಿ. ನಿಂದೊಂದು ನಕಲು ಇಲ್ಲಿ ಬಿಟ್ಟು ಹೋಗು. ಸಂಜಿ ಮುಂದ ನಾ ಈ ಕಡೆ ಬಂದಾಗ ಮಾತಾಡಾಕರೆ ಆಗ್ತೈತಿ."

ಕಾರ್ಬನ್ ತೀರ್‍ಯಾವ ಅಂದೆ. ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.